ಕಾರ್ನಾಡರ ಮುದಿ ದಂಡನಾಯಕ

1977ರ ‘ಸ್ಟಾರ್ ವಾರ್ಸ್’ ಸಿನಿಮಾದಲ್ಲಿ ಟಾರ್ಕಿನ್ ಎಂಬ ಮುದಿ ಸೇನಾಧಿಪತಿ ಒಂದಿಡೀ ಗ್ರಹವನ್ನೇ ಸುಟ್ಟುಹಾಕುತ್ತಾನೆ. ಅವನನ್ನು ಕಂಡರೆ ಭಯವಾಗುತ್ತದೆ, ಅಷ್ಟೇ. ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ಯ ಅಳಿಯ ರಾಮರಾಯ ಹಾಗಲ್ಲ, ಅವನ ಕ್ರೌರ್ಯದ ಬೇರು ನಮಗೆ ಕಾಣುತ್ತದೆ.

ಧಾರವಾಡದ ಮನೋಹರ ಗ್ರಂಥಮಾಲೆ 2018ರಲ್ಲಿ ಈ ನಾಟಕವನ್ನು ಪ್ರಕಟಿಸಿತು. ‘ಯಯಾತಿ’ಯಿಂದಲೂ ಕಾರ್ನಾಡರ ಬೆನ್ನಿಗಿದ್ದ ಪ್ರಕಾಶನವದು. ಕರ್ನಾಟಕ ಕಾಲೇಜಿನಲ್ಲಿ ಓದಿದ ಹುಡುಗ, ಎಂಬತ್ತರ ಹೊಸ್ತಿಲಲ್ಲಿ, ಮುದಿ ಸೇನಾನಿಯ ಎದೆಗೆ ಇಳಿದ.

ರಾಮರಾಯ ಕೃಷ್ಣದೇವರಾಯನ ಅಳಿಯ. ಸದಾಶಿವರಾಯನನ್ನು ಹೆಸರಿಗಷ್ಟೇ ಸಿಂಹಾಸನದಲ್ಲಿ ಕೂರಿಸಿ, ಎರಡು ದಶಕಕ್ಕೂ ಹೆಚ್ಚು ಕಾಲ ವಿಜಯನಗರವನ್ನು ತಾನೇ ಆಳಿದ. ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ. ಇಷ್ಟೆಲ್ಲ ದಕ್ಕಿದರೂ ಅವನು ರಾಜನಾಗಲಿಲ್ಲ. ತಾನು ಚಾಲುಕ್ಯ ಕುಲದವನೆಂಬ ಹೆಮ್ಮೆ, ಕಲ್ಯಾಣದ ಕೋಟೆಯ ಹಂಬಲ ಹುಟ್ಟಿದ್ದು ಆ ಕೊರಗಿನಿಂದಲೇ ಎಂದು ನನಗನ್ನಿಸುತ್ತದೆ.

ಹಳೆಯ ಇತಿಹಾಸ ಬರಹಗಳಲ್ಲೊಂದು ಪ್ರಸಂಗ ಬರುತ್ತದೆ. ಸೋತು ಶರಣು ಬಂದ ಅಹಮದ್‌ನಗರದ ಸುಲ್ತಾನ ಹುಸೇನ್ ನಿಜಾಮ್ ಶಹಾ ರಾಮರಾಯನ ಕೈ ಮುಟ್ಟಿದವನೇ ನೀರು ತರಿಸಿ ಕೈ ತೊಳೆದ. ರಾಮರಾಯ ಕನ್ನಡದಲ್ಲಿ ಗೊಣಗಿ, ತಾನೂ ನೀರು ತರಿಸಿ ತೊಳೆದುಕೊಂಡ. ಎರಡು ಬೊಗಸೆ ನೀರಿನಲ್ಲಿ ಎಂಥ ದ್ವೇಷ!

1565ರ ಜನವರಿಯಲ್ಲಿ, ಕೃಷ್ಣೆಯ ಸೀಮೆಯಲ್ಲಿ ನಡೆದ ಯುದ್ಧದಲ್ಲಿ, ಅದೇ ಹುಸೇನನ ಅಪ್ಪಣೆಯಂತೆ ಆ ಮುದುಕನ ತಲೆ ಉರುಳಿತು. ಕಾರ್ನಾಡರು ಅವನನ್ನು ಧರ್ಮವೀರನಾಗಿಸಲಿಲ್ಲ, ಖಳನನ್ನಾಗಿಯೂ ಮಾಡಲಿಲ್ಲ. ಅವರ ಕಸುಬಿನಲ್ಲಿ ನಾನು ಎಲ್ಲಕ್ಕಿಂತ ಮೆಚ್ಚುವುದು ಈ ಬಿಗಿಯನ್ನೇ.