ಐದು ದಿನ, ನಾಲ್ಕು ಘಟ್ಟ, ಒಬ್ಬ ಸವಾರ

ಬೆಂಗಳೂರಿನಿಂದ ಬೈಕೇರಿ ಒಬ್ಬರೇ ಹೊರಡುವವರ ಮೊಬೈಲುಗಳಲ್ಲಿ ಓಡಾಡುವ ಪ್ಲಾನುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೊದಲ ದಿನ ಸಕಲೇಶಪುರ ದಾಟಿ, ಶಿರಾಡಿ ಇಳಿದು ಮಂಗಳೂರು. ಎರಡನೇ ದಿನ ಉಡುಪಿ, ಮರವಂತೆ, ಮುರ್ಡೇಶ್ವರ, ರಾತ್ರಿಗೆ ಗೋಕರ್ಣ. ಮೂರನೇ ದಿನ ಕಾರವಾರ ಮುಟ್ಟಿಬಂದು, ಹೊನ್ನಾವರದಲ್ಲಿ ತಿರುಗಿ, ಗೇರುಸೊಪ್ಪೆ ಘಟ್ಟ ಹತ್ತಿ ಜೋಗ. ನಾಲ್ಕನೇ ದಿನ ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ, ಘಾಟಿ ಇಳಿದು ಕಾರ್ಕಳದಲ್ಲಿ ಮಲಗುವುದು. ಐದನೇ ದಿನ ಕುದುರೆಮುಖ, ಕಳಸ, ಕೊಟ್ಟಿಗೆಹಾರ, ಹಾಸನ, ರಾತ್ರಿ ಊಟಕ್ಕೆ ಮನೆ. ಒಟ್ಟು 1,300 ಕಿ.ಮೀ.ಗೂ ಹೆಚ್ಚು. ಜೊತೆಗೆ ಪೆಟ್ರೋಲಿನ ಲೆಕ್ಕ, ಸಾಮಾನಿನ ಪಟ್ಟಿ, ಫೋಟೊ ತೆಗೆಯಲೇಬೇಕಾದ ಜಾಗಗಳ ಹೆಸರು. ಪುಸ್ತಕ, ಸಿನಿಮಾಗಳನ್ನು ವಿಮರ್ಶಿಸುವ ನಾವು ಇಂಥ ಪ್ಲಾನನ್ನು ಮಾತ್ರ ಲೈಕ್ ಒತ್ತಿ ಮುಂದಕ್ಕೆ ಕಳಿಸಿಬಿಡುತ್ತೇವೆ. ಜನ ಜೀವ ಪಣಕ್ಕಿಟ್ಟು ಅನುಸರಿಸುವ ಬರಹ ಇದು. ಒಮ್ಮೆ ಸಾಲುಸಾಲಾಗಿ ಓದಬೇಕು.

ಮೊದಲು ಅದರ ಗುಣ ಹೇಳಿಬಿಡುತ್ತೇನೆ. ಹೋದ ದಾರಿಯಲ್ಲೇ ವಾಪಸು ಬರದೆ ಸುತ್ತು ಹಾಕಿರುವುದು ಜಾಣತನ. ಬಯಲು, ಮಲೆನಾಡು, ಕರಾವಳಿ ಮೂರೂ ಐದು ದಿನದೊಳಗೆ ಸಿಗುವ ಸೀಮೆ ದೇಶದಲ್ಲಿ ಹೆಚ್ಚಿಲ್ಲ. ಅದನ್ನು ಪ್ಲಾನು ಸರಿಯಾಗಿ ಗುರುತಿಸಿದೆ. ಆರ್‌ಸಿ, ಇನ್ಶೂರೆನ್ಸು, ಐಎಸ್‌ಐ ಗುರುತಿನ ಹೆಲ್ಮೆಟ್ಟು, ಎಲ್ಲ ಬರೆದಿದೆ. ತಪ್ಪಿರುವುದು ಬೇರೆ ಕಡೆ.

ಗುಂಪಿನಲ್ಲಿ ಹೋದರೆ ಸಂಜೆ ಐದರ ಹೊತ್ತಿಗೆ ಯಾರಾದರೊಬ್ಬ "ಸಾಕು ಮಾರಾಯ, ಇಲ್ಲೇ ಎಲ್ಲಾದ್ರೂ ಉಳ್ಕೊಳ್ಳೋಣ" ಅನ್ನುತ್ತಾನೆ. ಅವನ ಸೊಂಟನೋವು ಉಳಿದವರನ್ನೂ ಕಾಪಾಡುತ್ತದೆ. ಒಂಟಿ ಸವಾರನಿಗೆ ಅಂಥ ಜೊತೆಗಾರನಿಲ್ಲ. ದಣಿದ ತಲೆಯ ತೀರ್ಮಾನವನ್ನು ಪರೀಕ್ಷಿಸುವವರೇ ಇಲ್ಲ. ಆದ್ದರಿಂದ ಆ ಮಾತನ್ನು ಪ್ಲಾನೇ ಆಡಬೇಕು: ಇಲ್ಲಿ ನಿಲ್ಲು, ಮಳೆ ಬಂದರೆ ಇಲ್ಲಿಂದ ತಿರುಗು, ಇಂಥ ಹೊತ್ತು ಮೀರಿದರೆ ಘಾಟಿಗೆ ಇಳಿಯಬೇಡ. ಈ ಪ್ಲಾನು ಆಡುವುದು ಒಂದೇ ಮಾತು, ಇನ್ನೂ ಇಷ್ಟು ಕಿಲೋಮೀಟರು ಬಾಕಿ ಇದೆ ಎಂದು. ನಾಲ್ಕು ಜನರಿಗೆ ಮಾಡಿದ ಪ್ಲಾನಿನಲ್ಲಿ ಮೂವರ ಹೆಸರು ಅಳಿಸಿ 'ಸೋಲೋ' ಎಂದು ಬರೆದಂತಿದೆ.

ಮೊದಲ ದಿನವನ್ನೇ ನೋಡಿ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಹಾಸನದವರೆಗೆ ಅಗಲ ರಸ್ತೆ. ಅಲ್ಲಿ ಉಳಿಸಿದ ಹೊತ್ತನ್ನೆಲ್ಲ ಸಕಲೇಶಪುರ ದಾಟಿದ ಮೇಲೆ ಬಡ್ಡಿಸಮೇತ ಕೊಡಬೇಕು. ಶಿರಾಡಿ ಎಂದರೆ ಮಂಗಳೂರು ಬಂದರಿನ ಕಂಟೇನರುಗಳು, ಗ್ಯಾಸಿನ ಬುಲೆಟ್ ಟ್ಯಾಂಕರುಗಳು, ರಾತ್ರಿ ಬಸ್ಸುಗಳು ಎಲ್ಲವೂ ನಂಬಿದ ದಾರಿ. ಬೆಳಿಗ್ಗೆ ಆರಕ್ಕೆ ಹೊರಟು, ತಿಂಡಿ, ಊಟ ಮುಗಿಸಿದವನು ಅಲ್ಲಿ ಮುಟ್ಟುವುದು ಮಧ್ಯಾಹ್ನ ಕಳೆದ ಮೇಲೆ. ಆಗ ಇನ್ನೊಂದು ತೊಡಕು ಎದುರಾಗುತ್ತದೆ, ಅದನ್ನು ಯಾವ ಪ್ಲಾನೂ ಬರೆದದ್ದು ಕಾಣೆ: ನಮ್ಮ ಘಟ್ಟಗಳೆಲ್ಲ ಪಶ್ಚಿಮಕ್ಕೆ ಇಳಿಯುತ್ತವೆ. ಸಂಜೆ ಇಳಿಯುವವನ ಕಣ್ಣಿಗೆ ಬಿಸಿಲು ನೇರ ಹೊಡೆಯುತ್ತದೆ. ಮರದ ನೆರಳಿನಿಂದ ತಿರುವಿಗೆ ಬಂದ ಕೂಡಲೇ ವೈಸರಿನ ಗೀರುಗಳೆಲ್ಲ ಹೊಳೆದು ಎದುರಿನ ರಸ್ತೆ ಮಾಯವಾಗುತ್ತದೆ. ಬೆಳಿಗ್ಗೆ ಇಳಿದರೆ ಸೂರ್ಯ ಬೆನ್ನಿಗೆ. ಹತ್ತುವುದಾದರೆ ಮಧ್ಯಾಹ್ನದ ನಂತರ ಹತ್ತಿದರೂ ನಡೆದೀತು, ಆಗಲೂ ಸೂರ್ಯ ಬೆನ್ನಿಗೇ. ಇಷ್ಟನ್ನು ಲೆಕ್ಕಕ್ಕಿಟ್ಟುಕೊಂಡಿದ್ದರೆ ಮೊದಲ ರಾತ್ರಿಯ ಮೊಕ್ಕಾಂ ಮಂಗಳೂರಿನಲ್ಲಿ ಇರುತ್ತಲೇ ಇರಲಿಲ್ಲ, ಘಟ್ಟದ ಮೇಲೆ ಇರುತ್ತಿತ್ತು.

ಹಾಗೆಂದು ನಸುಕಿನಲ್ಲೇ ಇಳಿಯಹೊರಟರೆ ಚಳಿಗಾಲದಲ್ಲಿ ಮಂಜು. ಕೊಟ್ಟಿಗೆಹಾರದ ಹೋಟೆಲೊಂದರಲ್ಲಿ ನೀರುದೋಸೆ ತಿನ್ನುತ್ತಾ ಕೂತು ನೋಡಿ. ಚಾರ್ಮಾಡಿ ಕಡೆಯಿಂದ ಬರುವ ಗಾಡಿಗಳು ಎಂಟು ಗಂಟೆಯಾದರೂ ಹೆಡ್‌ಲೈಟು ಹಾಕಿಕೊಂಡೇ ಬರುತ್ತಿರುತ್ತವೆ. ವೈಪರು ಆಡುತ್ತಿದ್ದರೆ ಕೆಳಗೆ ಇನ್ನೂ ಮುಸುಕಿದೆ ಎಂದು ಅರ್ಥ. ತಟ್ಟೆ ತೆಗೆಯಲು ಬಂದವರು ಹೆಲ್ಮೆಟ್ಟು ಒಂದೇ ಇರುವುದನ್ನು ನೋಡಿ "ಒಬ್ರೇನಾ? ಇನ್ನೊಂದು ಕಾಫಿ ಕುಡ್ದು ಹೋಗಿ, ಮಂಜು ಸ್ವಲ್ಪ ಕರಗ್ಲಿ" ಅಂದರೆ ಕೇಳಬೇಕು. ಆ ಕಾಫಿಯ ಅರ್ಧ ಗಂಟೆ ಪ್ಲಾನಿನಲ್ಲಿ ಇರಬೇಕು. ಈ ಪ್ಲಾನಿನಲ್ಲಿ ಕೊಟ್ಟಿಗೆಹಾರ ಬರುವುದು ಐದನೇ ದಿನ, ಮನೆ ಸೇರುವ ಧಾವಂತದಲ್ಲಿ. ಅಲ್ಲೇ ಇರುವ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನದ ಹೆಸರು ಕೂಡ ಪಟ್ಟಿಯಲ್ಲಿಲ್ಲ. ಬೀಚಿನ ಪಕ್ಕದ ಕೆಫೆಗಳ ಹೆಸರು ಮಾತ್ರ ಸಾಲಾಗಿ ಇವೆ.

ನಾಲ್ಕನೇ ದಿನದ ಆಗುಂಬೆ ಈ ಪ್ಲಾನಿನ ಅತಿ ದುರ್ಬಲ ಭಾಗ, ಹೊಗಳಿಸಿಕೊಂಡಿರುವುದೂ ಅದೇ. ಸೂರ್ಯಾಸ್ತ ನೋಡಿ ಘಾಟಿ ಇಳಿಯುವುದು ಎಂದರೆ ಕತ್ತಲಲ್ಲಿ ಇಳಿಯುವುದು ಎಂದೇ ಅರ್ಥ. ಹದಿನಾಲ್ಕು ಹೇರ್‌ಪಿನ್ ತಿರುವುಗಳು, ಇಕ್ಕಟ್ಟಾದ ರಸ್ತೆ, ಪಕ್ಕದಲ್ಲಿ ಸೋಮೇಶ್ವರದ ಕಾಡು. ಭಾರಿ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ ನಿಜ, ಆದರೆ ಮಿನಿ ಬಸ್ಸೊಂದು ಹತ್ತುತ್ತಾ ತಿರುಗಬೇಕಾದರೂ ರಸ್ತೆಯ ಪೂರ್ತಿ ಅಗಲ ಬೇಕಾಗುತ್ತದೆ. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ನಿಯಮವೂ ಅದೇ. ಹಗಲಲ್ಲಿ ಕೆಳಗಿನ ತಿರುವಿನಲ್ಲಿ ಬಸ್ಸಿನ ಮೂತಿ ಕಂಡ ಕೂಡಲೇ ಮೇಲೆಯೇ ಒಂದು ಬದಿಗೆ ನಿಲ್ಲಬಹುದು. ರಾತ್ರಿ ಕಾಣುವುದು ಮರಗಳ ಮೇಲೆ ಓಡಾಡುವ ಬೆಳಕು ಮಾತ್ರ; ಅದು ಯಾವ ತಿರುವಿನದು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಇನ್ನು ಬ್ರೇಕಿನ ವಿಷಯ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಘಟ್ಟದ ಡ್ರೈವರುಗಳ ಹಳೆಯ ಲೆಕ್ಕ. ಬಯಲುಸೀಮೆಯ ಸವಾರ ನಾಲ್ಕನೇ ಗೇರಿನಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಯುತ್ತಾನೆ. ಕೊನೆಯ ತಿರುವುಗಳ ಹೊತ್ತಿಗೆ ಡಿಸ್ಕು ಕಾದು ಲಿವರು ಮೆತ್ತಗಾಗಿರುತ್ತದೆ. ಸಾಮಾನಿನ ಪಟ್ಟಿಗೆ ಎರಡು ಪುಟ ಕೊಟ್ಟವರು ಇದಕ್ಕೊಂದು ಸಾಲು ಕೊಡಬಹುದಿತ್ತು. ಸೂರ್ಯಾಸ್ತ ಬೇಕೇ ಬೇಕೆಂದಾದರೆ ಆ ರಾತ್ರಿ ಆಗುಂಬೆಯಲ್ಲೋ ತೀರ್ಥಹಳ್ಳಿಯಲ್ಲೋ ಉಳಿಯಬೇಕು. ಅಷ್ಟಾಗಿಯೂ ಮೋಡ ಕವಿದರೆ ಏನೂ ಕಾಣದು.

ಇಂಥ ಪ್ಲಾನುಗಳ ಇನ್ನೊಂದು ರೋಗವೆಂದರೆ ರಸ್ತೆ ಸದಾ ತೆರೆದಿರುತ್ತದೆ ಎಂಬ ನಂಬಿಕೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಹಲವು ಕಡೆ ಕುಸಿದು ವಾರಗಟ್ಟಲೆ ಬಂದ್ ಆಯಿತು. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲು ಬಳಿ ಗುಡ್ಡ ಜರಿದು ಶಿರಾಡಿ ನಿಂತಿತು. ಅದೇ ತಿಂಗಳ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡವೇ ಗಂಗಾವಳಿ ನದಿಗೆ ಇಳಿದು, ಚಹಾ ಕುಡಿಯಲು ನಿಂತಿದ್ದವರೂ ಹೋದರು. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇದೆಲ್ಲ ಮಳೆಗಾಲದ ಕಥೆ, ನಾವು ಹೋಗುವುದು ಡಿಸೆಂಬರಿನಲ್ಲಿ ಎನ್ನಬಹುದು. ಮಳೆ ನಿಂತ ಮೇಲೆ ಕಾಮಗಾರಿಯ ಕಾಲ. ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ ಅಗಲೀಕರಣಕ್ಕಾಗಿ ಮುಚ್ಚಿದ್ದು ಮಳೆ ಹೋದ ಮೇಲೆಯೇ. ಪ್ರತಿ ಘಟ್ಟದ ಮುಂದೆ ಇನ್ನೊಂದು ಘಟ್ಟದ ಹೆಸರು ಬರೆದಿರಬೇಕು: ಶಿರಾಡಿ ಇಲ್ಲದಿದ್ದರೆ ಚಾರ್ಮಾಡಿ, ಆಗುಂಬೆ ಇಲ್ಲದಿದ್ದರೆ ಹುಲಿಕಲ್. ಈ ಪ್ಲಾನಿನಲ್ಲಿ ಅಂಥ ಒಂದು ಹೆಸರೂ ಇಲ್ಲ.

ಕಾನೂನಿನ ವಿಷಯವೂ ಹಾಗೆಯೇ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚೆಕ್‌ಪೋಸ್ಟಿನಲ್ಲಿ ಒಳಹೊಕ್ಕ ಹೊತ್ತು ಬರೆದ ಚೀಟಿ ಕೊಡುತ್ತಾರೆ. ಗೊತ್ತಾದ ಸಮಯದೊಳಗೆ ಆಚೆ ಗೇಟು ದಾಟಬೇಕು, ನಡುವೆ ನಿಲ್ಲುವಂತಿಲ್ಲ, ರಾತ್ರಿ ಸಂಚಾರಕ್ಕೆ ನಿರ್ಬಂಧ. ಅಲ್ಲಿ 'ಡ್ರೋನ್ ಶಾಟ್, 40 ನಿಮಿಷ' ಎಂದು ಬರೆದಿರುವವರು ಆ ದಾರಿಯಲ್ಲಿ ಹೋಗಿಯೇ ಇಲ್ಲ ಅನಿಸುತ್ತದೆ. ಈ ಪ್ಲಾನಿನದೇ ಇನ್ನೊಂದು ರೂಪದಲ್ಲಿ ಮೈಸೂರು, ಮಡಿಕೇರಿ ಮೇಲೆ ಹೋಗಿ ಸಂಪಾಜೆ ಇಳಿಯುವ ದಾರಿ ಕೊಟ್ಟಿದ್ದಾರೆ, ಆದರೆ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಹೋಗುವವನಿಗೆ ಕಾರಿನವರ ಸಮಯದ ಲೆಕ್ಕ ಹೊಂದುವುದೇ ಇಲ್ಲ.

ಕರಾವಳಿಯನ್ನು ಪ್ಲಾನು ವಿಶ್ರಾಂತಿಯ ದಿನವೆಂದು ಎಣಿಸಿದೆ. ಘಟ್ಟ ಕಳೆಯಿತು, ಇನ್ನು ಸಪಾಟು ರಸ್ತೆ, ಎಡಕ್ಕೆ ಸಮುದ್ರ. ರಾಷ್ಟ್ರೀಯ ಹೆದ್ದಾರಿ 66 ಅಷ್ಟು ಸಾಧುವಲ್ಲ. ಮೀನಿನ ಲಾರಿಗಳಿಂದ ಸೋರಿದ ನೀರು ರಸ್ತೆಯ ಮೇಲೆ ಗೆರೆ ಎಳೆದಂತೆ ಹರಿದಿರುತ್ತದೆ. ಎಣ್ಣೆಜಿಡ್ಡಿನ ಆ ಗೆರೆಯ ಮೇಲೆ ಬ್ರೇಕ್ ಹಿಡಿದವರಿಗೆ ಅದರ ಗುಣ ಗೊತ್ತು. ಯು-ತಿರುವು ದೂರವಾಯಿತೆಂದು ಎದುರಿನಿಂದಲೇ ಬರುವ ಸ್ಕೂಟರುಗಳು, ಡಿವೈಡರಿನ ಮೇಲೆ ಮಲಗಿ ರಾತ್ರಿ ಎದ್ದು ನಡೆಯುವ ದನಗಳು, ಸ್ಟಾಪು ಕಂಡರೆ ಎಡಕ್ಕೆ ಎಳೆಯುವ ಎಕ್ಸ್‌ಪ್ರೆಸ್ ಬಸ್ಸುಗಳು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ಚಂದವೇ. ಹೆದ್ದಾರಿಯ ಅಂಚಿನಲ್ಲಿ ಬೈಕ್ ನಿಲ್ಲಿಸಿ, ಮರಳಿನ ಮೇಲೆ ಸ್ಟ್ಯಾಂಡು ಹಾಕಿ, ಲಾರಿಗಳಿಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆಯುವುದಕ್ಕಿಂತ ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ ನಡೆದು ಬರಬಹುದು. ಜೊತೆಗೆ ಸೆಕೆ ಬೇರೆ. ಜಾಕೆಟ್ಟು, ಗ್ಲೌಸು ಎಲ್ಲ ಏರಿಸಿಕೊಂಡವನು ಹನ್ನೊಂದು ಗಂಟೆಗೆ ಕುಂದಾಪುರದಲ್ಲಿ ಬೆವರಿ ನಿತ್ರಾಣನಾಗಿರುತ್ತಾನೆ. ಇಲ್ಲಿ ನಸುಕಿಗೆ ಹೊರಟು, ಹನ್ನೊಂದಕ್ಕೆ ನಿಲ್ಲಿಸಿ, ಊಟ ಮಾಡಿ ಮಲಗಿ, ನಾಲ್ಕರ ಮೇಲೆ ಹೊರಡುವುದೇ ಸರಿ. ಘಟ್ಟದ ವೇಳಾಪಟ್ಟಿ ಬೇರೆ, ಕಡಲಿನದು ಬೇರೆ. ಪ್ಲಾನಿನಲ್ಲಿ ಐದೂ ದಿನ ಆರಕ್ಕೆ ಹೊರಟು ಏಳಕ್ಕೆ ಸೇರುವುದೇ.

ಸಾಮಾನಿನ ಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದವಾಗಿದೆ, ಅಷ್ಟೇ. ಟ್ಯೂಬ್‌ಲೆಸ್ ಟೈರಿನ ಪ್ಲಗ್ ಕಿಟ್ ಕೊಳ್ಳಿ ಎಂದಿದೆ. ಸ್ಪೋಕ್ ಚಕ್ರದ ಹೆಚ್ಚಿನ ಬೈಕುಗಳಲ್ಲಿ ಟ್ಯೂಬ್ ಇರುತ್ತದೆ, ಅಲ್ಲಿ ಪ್ಲಗ್ ಕೆಲಸಕ್ಕೆ ಬಾರದು ಎಂದಿಲ್ಲ. ಕ್ಲಚ್ ಕೇಬಲು ಒಂದು ಹೆಚ್ಚಿಗೆ ಇರಲಿ ಎಂದಿರುವುದು ಒಳ್ಳೆಯದು. ಭಾರವನ್ನೆಲ್ಲ ಹಿಂಬದಿಯ ಕ್ಯಾರಿಯರಿಗೆ ಕಟ್ಟಿದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ, ಸ್ಯಾಡಲ್ ಬ್ಯಾಗಿನಲ್ಲಿ ಕೆಳಗೆ ಇಳಿಬಿಡಿ ಎಂಬ ಮಾತು ಇರಬೇಕಿತ್ತು.

ಪಟ್ಟಿಯಲ್ಲಿಲ್ಲದ, ಒಂಟಿ ಸವಾರರಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಮನೆಯಲ್ಲಿ ಕೂತು ಫೋನಿಗೆ ಕಾಯುವ ಒಬ್ಬರು. ಹುಲಿಕಲ್, ಆಗುಂಬೆ, ಕುದುರೆಮುಖದ ಕಾಡಿನಲ್ಲಿ ಸಿಗ್ನಲ್ಲು ಹೋಗುವುದು ಮಾಮೂಲು. "ಘಾಟಿಗೆ ಇಳಿಯುತ್ತಿದ್ದೇನೆ, ಎರಡು ಗಂಟೆಯೊಳಗೆ ಮತ್ತೆ ಮಾಡ್ತೀನಿ, ಇಲ್ಲಾಂದ್ರೆ 112ಕ್ಕೆ ಹೇಳು" ಎಂದು ಅಕ್ಕನಿಗೋ ಗೆಳೆಯನಿಗೋ ಹೇಳಿ ಹೊರಡುವುದು ಯಾವ ಜಿಪಿಎಸ್ ಸಾಧನಕ್ಕಿಂತಲೂ ಅಗ್ಗ. ಒಬ್ಬಳೇ ಹೊರಡುವ ಹುಡುಗಿಗೆ ಈ ಪ್ಲಾನು ಇನ್ನೂ ಕಡಿಮೆ ಉಪಯೋಗದ್ದು. 'ರಾತ್ರಿ ಎಲ್ಲಾದರೂ ಹೋಮ್‌ಸ್ಟೇ ಸಿಗುತ್ತದೆ' ಎಂಬ ಸಾಲು ಗಂಡಸು ಗಂಡಸಿಗಾಗಿ ಬರೆದದ್ದು. ಕತ್ತಲಾಗುವ ಮೊದಲು ಸೇರಬೇಕಾದ, ಮುಂಚೆಯೇ ಫೋನಿನಲ್ಲಿ ಮಾತಾಡಿ ಖಚಿತ ಮಾಡಿಕೊಂಡ ಜಾಗವೇ ಅವಳ ದಿನದ ಅಳತೆಯನ್ನು ತೀರ್ಮಾನಿಸುತ್ತದೆ. ನೋಡಿದರೆ ಗಂಡಸರಿಗೂ ಅದೇ ಒಳ್ಳೆಯ ಅಳತೆ.

ಕೊನೆಯ ದಿನದ ಲೆಕ್ಕವಂತೂ ನನಗೆ ಒಪ್ಪಿಗೆಯೇ ಇಲ್ಲ. ನಾಲ್ಕು ದಿನ ದಣಿದವನು ಕಾರ್ಕಳದಿಂದ ಘಟ್ಟ ಹತ್ತಿ, ಕಳಸದ ತಿರುವುಗಳನ್ನು ಕಳೆದು, ಅದೇ ದಿನ ಬೆಂಗಳೂರು ಸೇರಲು 350ಕ್ಕೂ ಹೆಚ್ಚು ಕಿಲೋಮೀಟರು. ಕೊನೆಯ ದಿನದಲ್ಲಿ ಘಟ್ಟ ಇರಬಾರದು. ಉದ್ದ ಎಷ್ಟೇ ಇರಲಿ, ಬಯಲಿರಬೇಕು.

ಇದೇ ಐದು ದಿನಕ್ಕೆ ನಾನಾದರೆ ಹೀಗೆ ಮಾಡುತ್ತೇನೆ. ಮೊದಲ ರಾತ್ರಿ ಮೂಡಿಗೆರೆ ಕಡೆ. ಮಾರನೆಯ ದಿನ ಮಂಜು ಕರಗಿದ ಮೇಲೆ ಚಾರ್ಮಾಡಿ ಇಳಿದು ಉಡುಪಿ. ಮೂರನೇ ದಿನ ಕಡಲ ಬದಿಯಲ್ಲೇ ನಿಧಾನಕ್ಕೆ ಕುಂದಾಪುರದವರೆಗೆ, ಅಲ್ಲಿಂದ ರಾತ್ರಿಗೆ ಕೊಲ್ಲೂರು. ನಾಲ್ಕನೇ ದಿನ ಘಟ್ಟ ಹತ್ತಿ ಸಿಗಂದೂರು ದಾರಿಯಾಗಿ ಸಾಗರ. ಶರಾವತಿ ಹಿನ್ನೀರಿಗೆ 2.44 ಕಿ.ಮೀ. ಉದ್ದದ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಲಾಂಚಿಗೆ ಕಾಯುವ ಕೆಲಸ ತಪ್ಪಿದೆ. ಐದನೇ ದಿನ ಶಿವಮೊಗ್ಗ, ತುಮಕೂರು ಮೇಲೆ ಮನೆ. ಗೋಕರ್ಣ ಇಲ್ಲ, ಕಾರವಾರ ಇಲ್ಲ, ಆಗುಂಬೆಯ ಸೂರ್ಯಾಸ್ತವೂ ಇಲ್ಲ. ಒಂದು ಘಟ್ಟ ಇಳಿಯಲು, ಒಂದು ಹತ್ತಲು. ಕೊಲ್ಲೂರಿನಲ್ಲಿ ಮಳೆ ಹಿಡಿದರೆ ಇನ್ನೊಂದು ದಿನ ಅಲ್ಲೇ ಉಳಿದರೂ ಸಾಗರದಿಂದ ನೇರ ಮನೆಗೆ ದಾರಿ ಇದೆ. ಆಫೀಸಿಗೆ ರಜೆ ಹಾಕುವಾಗಲೇ ಆ ಒಂದು ದಿನ ಸೇರಿಸಿ ಹಾಕಿ. ಹೊರಡುವ ಹಿಂದಿನ ಸಂಜೆ ಆ ಎರಡು ಘಟ್ಟಗಳ ತಪ್ಪಲಿನ ಯಾವುದಾದರೂ ಹೋಟೆಲಿಗೋ ಪೆಟ್ರೋಲ್ ಬಂಕಿಗೋ ಫೋನು ಮಾಡಿ, ರಸ್ತೆ ಹೇಗಿದೆ ಎಂದು ಕೇಳಿ.