ಓಡಿಹೋದವರು, ಕಾದವರು

ಮನೆ ಬಿಟ್ಟು ಓಡಿಹೋಗುವ ಹುಡುಗರ ಸಿನಿಮಾ ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ಕೈಯಾಗಿನ ಕೆಲಸ ಬಿಟ್ಟು ಕೂಡುತ್ತಾರೆ. ಹೋದ ಬೇಸಿಗೆಯಲ್ಲಿ ಸಿಂದಗಿಯ ಅಕ್ಕನ ಮನೆಯಲ್ಲಿ ಮಕ್ಕಳನ್ನೆಲ್ಲ ಕೂಡಿಸಿಕೊಂಡು ‘ಚಿನ್ನಾರಿ ಮುತ್ತ’ ಮತ್ತೊಮ್ಮೆ ನೋಡಿದೆವು. 1993ರ ಚಿತ್ರ ಅದು. ಟಿ.ಎಸ್. ನಾಗಾಭರಣರ ನಿರ್ದೇಶನ, ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡುಗಳು, ಸಿ. ಅಶ್ವತ್ಥರ ಸಂಗೀತ, ಮುತ್ತನಾಗಿ ಬಾಲಕ ವಿಜಯ ರಾಘವೇಂದ್ರ. ಚಿತ್ರ ಮುಗಿದ ಮೇಲೆ ಅಕ್ಕನ ಹತ್ತು ವರ್ಷದ ಮಗಳು ಕೇಳಿದಳು: “ಚಿಗವ್ವ, ಹುಡುಗಿ ಓಡಿಹೋದ್ರ ಸಿನಿಮಾ ಮಾಡೂದಿಲ್ಲೇನು?” ಅಕ್ಕ ಒಳಗಿನಿಂದಲೇ, “ಬಾಯಿ ಮುಚ್ಚು, ಅಂಥಾ ಮಾತು ಆಡಬಾರದು” ಎಂದು ಗದರಿದಳು. ಮಗು ಸುಮ್ಮನಾಯಿತು. ನಾನು ಮಾತ್ರ ಅಂದಿನಿಂದ ಆ ಪ್ರಶ್ನೆಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದೇನೆ.

‘ಚಿನ್ನಾರಿ ಮುತ್ತ’ ಒಳ್ಳೆಯ ಚಿತ್ರ. ಒಡೆದ ಸಂಸಾರದ ಬಡ ಹುಡುಗ ಹಳ್ಳಿ ಬಿಟ್ಟು ಪಟ್ಟಣ ಸೇರುತ್ತಾನೆ. ಅಷ್ಟು ಜನರ ನಡುವೆ ತನ್ನವರು ಯಾರೆಂದು ತಿಳಿಯದೆ ಕಂಗಾಲಾಗುತ್ತಾನೆ. ಕೊನೆಗೆ ಅವನ ಕಾಲಿನ ಬೆಲೆ ಬಲ್ಲವರು ಸಿಗುತ್ತಾರೆ, ಅವನು ಓಟಗಾರನಾಗುತ್ತಾನೆ. ಮನೆಯಿಂದ ಓಡಿದ ಕಾಲುಗಳೇ ಮೈದಾನದಲ್ಲಿ ಓಡಿ ಅವನ ಬಾಳನ್ನು ಎತ್ತುತ್ತವೆ. ಕನ್ನಡದಲ್ಲಿ ‘ಓಡು’ ಎಂಬ ಒಂದೇ ಮಾತಿಗೆ ಈ ಎರಡೂ ಅರ್ಥ ಇರುವುದರಿಂದ ಕತೆ ನಮಗೆ ತಟ್ಟನೆ ನಾಟುತ್ತದೆ. ಆದರೆ ಒಂದು ಸಂಶಯ ಉಳಿಯುತ್ತದೆ. ಓಡಿಹೋದ ಹುಡುಗರೆಲ್ಲ ಗೆಲ್ಲುವುದಿಲ್ಲವಲ್ಲ? ಗೆಲ್ಲದವನು ಯಾವ ಮುಖ ಹೊತ್ತು ಮನೆಗೆ ಬರಬೇಕು?

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಆರ್.ಕೆ. ನಾರಾಯಣರ ಸ್ವಾಮಿಯಲ್ಲಿ. 1935ರ ಕಾದಂಬರಿಯ ಈ ಹುಡುಗನನ್ನು ಶಂಕರ್‌ನಾಗ್ 1986ರಲ್ಲಿ ‘ಮಾಲ್ಗುಡಿ ಡೇಸ್’ ಮೂಲಕ ಮನೆಮನೆಗೆ ತಂದರು. ಆಗುಂಬೆಯೇ ಮಾಲ್ಗುಡಿಯಾಯಿತು, ಮಾಸ್ಟರ್ ಮಂಜುನಾಥನೇ ಸ್ವಾಮಿಯಾದ. ಹೆಡ್‌ಮಾಸ್ತರರ ಬೆತ್ತಕ್ಕೆ ಹೆದರಿ ಸ್ವಾಮಿ ಓಡುತ್ತಾನೆ, ಕಾಡಿನಲ್ಲಿ ದಾರಿ ತಪ್ಪುತ್ತಾನೆ. ಗೆದ್ದು ಬರುವುದಿಲ್ಲ, ಆಡಬೇಕಾಗಿದ್ದ ಕ್ರಿಕೆಟ್ ಪಂದ್ಯವೂ ತಪ್ಪುತ್ತದೆ, ಗೆಳೆಯನೂ ದೂರವಾಗುತ್ತಾನೆ. ಆದರೂ ಮನೆಯ ಬಾಗಿಲು ಅವನಿಗೆ ತೆರೆದೇ ಇರುತ್ತದೆ. ಮಕ್ಕಳಿಗೆ ಹೇಳಬೇಕಾದ ಮಾತು ಇದೇ ಎಂದು ನನಗನ್ನಿಸುತ್ತದೆ. ಬಾಗಿಲೇ ಇಲ್ಲದ ಮಕ್ಕಳ ಕತೆಯನ್ನು ಪೃಥ್ವಿ ಕೋಣನೂರರ ‘ರೈಲ್ವೇ ಚಿಲ್ಡ್ರನ್’ 2016ರಲ್ಲಿ ಹೇಳಿತು. ಸ್ಟೇಷನ್ನಿನಲ್ಲಿ ಬಿದ್ದ ಹುಡುಗರು ದೊಡ್ಡವರ ಕೈಗೆ ಸಿಕ್ಕು ಏನಾಗುತ್ತಾರೆ ಎಂಬುದನ್ನು ನೋಡುವಾಗ ‘ಸಾಹಸ’ ಎಂಬ ಮಾತು ಬಾಯಿಗೇ ಬರುವುದಿಲ್ಲ.

ನನ್ನ ಇಬ್ಬರು ತಮ್ಮಂದಿರೂ ಒಮ್ಮೆ ಓಡಿಹೋಗಿದ್ದರು. ಸಿಂದಗಿ, ಮುದ್ದೇಬಿಹಾಳಗಳಿಗೆ ರೈಲಿಲ್ಲ. ನಮ್ಮ ಬಾಗೇವಾಡಿಗೂ ಇಂಡಿಗೂ ಇದೆ, ಆದರೆ ಊರಿಂದ ದೂರ. ಅದಕ್ಕೇ ಆ ಸ್ಟೇಷನ್ನುಗಳ ಹೆಸರಿಗೆ ‘ರೋಡ್’ ಎಂಬ ಬಾಲ. ಅಪ್ಪ ಲೆಕ್ಕ ತಪ್ಪಿದ್ದಕ್ಕೆ ಹೊಡೆದಿದ್ದ. ಇಬ್ಬರೂ ಎತ್ತಿನ ಗಾಡಿ ಹತ್ತಿ, ಅಷ್ಟು ದೂರ ನಡೆದು, ರೈಲು ಹಿಡಿದು ಸೋಲಾಪುರ ಸೇರಿದರು. ಮೂರನೆಯ ದಿನ ಸಿಕ್ಕರು. ಅಪ್ಪ ಇಂಡಿಯ ಬೀಗರ ಮನೆ, ವಿಜಾಪುರದ ಬಸ್‌ಸ್ಟ್ಯಾಂಡು, ಸೋಲಾಪುರದ ಸ್ಟೇಷನ್ ಎಲ್ಲ ಸುತ್ತಿ ಬಂದಿದ್ದ. ಹೇಳಲು ಅವನಿಗೆ ಬುಟ್ಟಿ ತುಂಬ ಕತೆ ಇದ್ದವು. ತಮ್ಮಂದಿರಿಗಂತೂ ಇಡೀ ಓಣಿಯೇ ಕಿವಿಗೊಟ್ಟಿತು. ಅವ್ವನ ಹತ್ತಿರ ಹೇಳಲು ಏನೂ ಇರಲಿಲ್ಲ. ಮೂರು ದಿನವೂ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದು, ಅರಿವೆ ಮುಚ್ಚಿಟ್ಟು, ಮರುದಿನ ಅವನ್ನು ಎಮ್ಮೆಗೆ ಹಾಕಿದ್ದಳು, ಅಷ್ಟೇ. ಅವಳ ಆ ಮೂರು ದಿನ ನೋಡಿದವಳು ನಾನೊಬ್ಬಳು.

ಹೀಗಾಗಿ ಇಂಥ ಚಿತ್ರ ನೋಡುವಾಗ ನನ್ನ ಕಣ್ಣು ಅವ್ವನನ್ನು ಹುಡುಕುತ್ತದೆ. ಐರ್ಲೆಂಡಿನ ಅಲೆಮಾರಿ ಜನರ ಮೇಲೆ ಮೈಕ್ ನ್ಯೂವೆಲ್ 1992ರಲ್ಲಿ ‘ಇನ್‌ಟು ದ ವೆಸ್ಟ್’ ಎಂಬ ಚಿತ್ರ ಮಾಡಿದರು. ಟಿಟೊ, ಆಸಿ ಎಂಬ ಅಣ್ಣತಮ್ಮಂದಿರು ತಮ್ಮ ಬಿಳಿಯ ಕುದುರೆಯನ್ನು ಸಿರಿವಂತನ ಕೈಯಿಂದ ಬಿಡಿಸಿಕೊಂಡು ಪಡುವಣದ ಕಡಲಿನತ್ತ ಓಡುತ್ತಾರೆ. ಹೆಂಡತಿ ಸತ್ತ ದುಃಖದಲ್ಲಿ ಕುಡಿತಕ್ಕೆ ಬಿದ್ದ ಅಪ್ಪ, ಮಕ್ಕಳನ್ನು ಹುಡುಕುತ್ತ ಹೋಗಿ ತಾನೂ ಮನುಷ್ಯನಾಗುತ್ತಾನೆ. ಚಿತ್ರ ಕಣ್ಣು ತೇವ ಮಾಡುತ್ತದೆ. ಆದರೆ ಅಲ್ಲಿ ತಾಯಿ ಸತ್ತಿದ್ದಾಳೆ. ಕಿರಿಯವನನ್ನು ಹೆರುವಾಗಲೇ ಹೋಗಿದ್ದಾಳೆ. ಕುದುರೆಯೇ ಮಕ್ಕಳನ್ನು ಅವಳ ಸಮಾಧಿಗೆ ಕರೆದೊಯ್ಯುತ್ತದೆ. ಸತ್ತ ತಾಯಿ ದೇವತೆಯಾಗಬಲ್ಲಳು. ಬದುಕಿದ್ದು ಬಾಗಿಲಲ್ಲಿ ಕೂತವಳಿಗೆ ಮಾತ್ರ ಇಂಥ ಕತೆಗಳಲ್ಲಿ ಹೆಚ್ಚು ಜಾಗವಿಲ್ಲ. ಸ್ವಾಮಿಯ ಕತೆಯಲ್ಲೂ ಬೀದಿಗಿಳಿದು ಹುಡುಕುವವನು ಅಪ್ಪನೇ. ಹುಡುಕುವವನಿಗೆ ದಾರಿ ಇರುತ್ತದೆ, ಕ್ಯಾಮೆರಾ ಅವನ ಹಿಂದೆ ಹೋಗುತ್ತದೆ. ಕಾಯುವವಳ ಮುಂದೆ ಎಷ್ಟು ಹೊತ್ತು ನಿಂತೀತು?

ಇನ್ನು ಮಗುವಿನ ಪ್ರಶ್ನೆ. ನಮ್ಮ ತಮ್ಮಂದಿರು ತಿರುಗಿ ಬಂದಾಗ ಓಣಿಯವರು “ಸೋಲಾಪುರ ನೋಡಿ ಬಂದ ಸರದಾರ್ರು” ಎಂದು ನಕ್ಕರು. ಅದಾದ ಕೆಲ ವರ್ಷಕ್ಕೆ ನಮ್ಮ ಬಳಗದ ಒಬ್ಬಾಕೆ ಇಂಡಿಯ ಗಂಡನ ಮನೆಯಿಂದ, ಹೊಡೆತ ತಾಳಲಾರದೆ, ಒಬ್ಬಳೇ ಬಸ್ ಹತ್ತಿ ಮುದ್ದೇಬಿಹಾಳದ ತವರಿಗೆ ಬಂದಳು. ಅವಳು ಬಂದದ್ದು ಹೆತ್ತವರ ಮನೆಗೆ. ಆದರೂ ಜನ ಆಡಿದ್ದು “ಓಡಿ ಬಂದಾಳ” ಎಂದೇ. ಅವಳ ತಂಗಿಗೆ ಗಂಡು ನೋಡುವಾಗಲೂ ಆ ಮಾತು ಎದ್ದು ಬಂತು. ಗಂಡುಮಕ್ಕಳ ಪಾಲಿಗೆ ‘ಓಡಿಹೋದ’ ಎಂಬುದು ತುಂಟತನ. ಹೆಣ್ಣಿನ ಪಾಲಿಗೆ ‘ಓಡಿಹೋದಳು’ ಎಂಬುದು ತೀರ್ಪು. ಅಕ್ಕ ಮಗಳನ್ನು ಗದರಿದ್ದು ಈ ಭಯಕ್ಕೇ.

ಹುಡುಗಿ ಹೊರಟ ಚಿತ್ರ ಇಲ್ಲವೆಂದಲ್ಲ. ನಾಗೇಶ್ ಕುಕುನೂರರ ಹಿಂದಿ ಚಿತ್ರ ‘ಧನಕ್’ನಲ್ಲಿ ಪರಿ ಎಂಬ ಹುಡುಗಿ ಕಣ್ಣು ಕಾಣದ ತಮ್ಮನ ಕೈ ಹಿಡಿದು ರಾಜಸ್ಥಾನದ ಮರಳು ದಾಟುತ್ತಾಳೆ. 2016ರಲ್ಲಿ ತೆರೆಕಂಡ ಈ ಚಿತ್ರದಲ್ಲಿ ದಾರಿ ತೋರಿಸುವವಳು ಅವಳೇ. ಆದರೂ ತಮ್ಮನಿಗೆ ಕಣ್ಣು ಬರಲಿ ಎಂಬ ಕಾರಣ ಬೇಕಾಯಿತು. ತನಗಾಗಿಯೇ ಹೊರಡುವ ಹುಡುಗಿಯನ್ನು ನೋಡಲು ನಾವಿನ್ನೂ ಕಾಯಬೇಕೇನೋ.

ಅಷ್ಟಕ್ಕೂ ನಮ್ಮ ಬಾಗೇವಾಡಿ ಮನೆ ಬಿಟ್ಟು ಹೋದ ಹುಡುಗನಿಂದಲೇ ಹೆಸರಾದ ಊರು. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೇಕೆ ಎಂದು ಕೇಳಿ ಬಾಲಕ ಬಸವಣ್ಣ ಮನೆ ಬಿಟ್ಟು ಕೂಡಲಸಂಗಮದ ದಾರಿ ಹಿಡಿದನೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅವನ ಜೊತೆಗೆ ನಾಗಮ್ಮನೂ ಹೊರಟಳೆಂದು ಅದೇ ಹಿರಿಯರು ಹೇಳುತ್ತಾರೆ. ಅವಳನ್ನು ‘ಓಡಿಹೋದಳು’ ಎಂದು ಇಂದು ಯಾರೂ ಅನ್ನುವುದಿಲ್ಲ, ಕೈ ಮುಗಿಯುತ್ತಾರೆ.

ಮುಂದಿನ ಸಲ ಸಿಂದಗಿಗೆ ಹೋದಾಗ ಅಕ್ಕನ ಮಗಳಿಗೆ ಈ ಕತೆ ಹೇಳಬೇಕು, ಅಕ್ಕನಿಗೂ ಕೇಳಿಸುವ ಹಾಗೆ.