ಸಂಕಮ್ಮನ ಸಾಲು: ಧರ್ಮ, ಕಾಮನಿಯಂತ್ರಣ ಮತ್ತು ಸಂತಾನದ ಒಡೆತನ

ಮನುಷ್ಯರ ಕಾಮಜೀವನವನ್ನು ಧರ್ಮಗಳು ಏಕೆ ನಿಯಂತ್ರಿಸಬಯಸುತ್ತವೆ ಎಂಬ ಪ್ರಶ್ನೆಗೆ ಉತ್ತರವನ್ನು ಸಾಮಾನ್ಯವಾಗಿ ಶಾಸ್ತ್ರಗ್ರಂಥಗಳಲ್ಲಿ ಹುಡುಕಲಾಗುತ್ತದೆ. ಅಲ್ಲಿ ದೊರೆಯುವುದು ಇಂದ್ರಿಯನಿಗ್ರಹ, ಮಡಿ-ಮೈಲಿಗೆ ಮತ್ತು ಪಾಪ-ಪುಣ್ಯಗಳ ಪರಿಭಾಷೆ. ಜನಪದ ಮಹಾಕಾವ್ಯಗಳಾದರೋ ಇದೇ ಪ್ರಶ್ನೆಯನ್ನು ಮನೆಯೊಳಗಿನಿಂದ ಎತ್ತುತ್ತವೆ. ದೇವರಗುಡ್ಡರು ಮತ್ತು ಕಂಸಾಳೆಯವರು ಹಾಡಿಕೊಂಡು ಬಂದಿರುವ ಮಲೆ ಮಾದೇಶ್ವರ ಕಾವ್ಯದ ‘ಸಂಕಮ್ಮನ ಸಾಲು’ ಈ ದೃಷ್ಟಿಯಿಂದ ಮರುಓದಿಗೆ ಅರ್ಹವಾಗಿದೆ.

ಕಥೆಯ ವಿವರಗಳು ಪಾಠಾಂತರಗಳಲ್ಲಿ ಬೇರೆ ಬೇರೆಯಾಗಿದ್ದರೂ ಅದರ ಚೌಕಟ್ಟು ಪರಿಚಿತವಾದುದು. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿ ಸಂಕಮ್ಮನಿಂದ ಬಲಗೈ ಭಾಷೆ ಕೇಳುತ್ತಾನೆ. ತಾನಿಲ್ಲದಾಗ ಆಕೆ ಪರಪುರುಷನನ್ನು ಬಯಸಬಾರದು. ಸಂಕಮ್ಮ ಭಾಷೆ ಕೊಡಲೊಪ್ಪುವುದಿಲ್ಲ. ಅವನು ಅವಳನ್ನು ಹಿಂಸಿಸಿ, ಬಂಧಿಸಿಟ್ಟು ಹೋಗುತ್ತಾನೆ. ಅವಳ ಮೊರೆಗೆ ಓಗೊಟ್ಟು ಬಂದ ಮಾದೇಶ್ವರ ಬಿಡುಗಡೆಯನ್ನೂ ಸಂತಾನದ ವರವನ್ನೂ ಕರುಣಿಸುತ್ತಾನೆ. ಮರಳಿ ಬಂದ ಗಂಡ ಅವಳ ಬಸುರನ್ನು ಶಂಕಿಸುತ್ತಾನೆ. ಸಂಕಮ್ಮ ಸತ್ಯಪರೀಕ್ಷೆಗಳನ್ನು ಗೆಲ್ಲುತ್ತಾಳೆ. ಹುಟ್ಟಿದ ಕಾರಯ್ಯ, ಬಿಲ್ಲಯ್ಯರು ಮಾದೇಶ್ವರನ ಶಿಶುಮಕ್ಕಳಾಗುತ್ತಾರೆ.

ಈ ಸಾಲನ್ನು ಸ್ತ್ರೀಪ್ರತಿರೋಧದ ಕಥನವೆಂದು ಓದುವುದು ನಮ್ಮ ಜಾನಪದ ವಿಮರ್ಶೆಯಲ್ಲಿ ರೂಢವಾಗಿದೆ. ಪ್ರಸ್ತುತ ಲೇಖಕನೂ ಬಹುಕಾಲ ಹಾಗೆಯೇ ಓದಿದ್ದುಂಟು. ಆ ಓದಿಗೆ ಆಧಾರವಿದೆ. ಸಂಕಮ್ಮ ಪಾತಿವ್ರತ್ಯವನ್ನು ನಿರಾಕರಿಸುವುದಿಲ್ಲ, ಅದಕ್ಕೆ ಮುಂಗಡವಾಗಿ ಸಾಕ್ಷಿ ಒದಗಿಸುವುದನ್ನು ನಿರಾಕರಿಸುತ್ತಾಳೆ. ಭಾಷೆ ಕೊಟ್ಟರೆ ಸಂಶಯಕ್ಕೆ ಸ್ಥಳವಿತ್ತೆಂದು ತಾನೇ ಒಪ್ಪಿಕೊಂಡಂತಾಗುತ್ತದೆ. ಈ ಸೂಕ್ಷ್ಮವನ್ನು ಗುರುತಿಸಿದ್ದು ಹಾಡುಗಾರ ಪರಂಪರೆಯ ದೊಡ್ಡ ಸಾಧನೆ.

ಆದರೆ ಓದು ಇಲ್ಲಿಗೇ ನಿಂತರೆ ಕಾವ್ಯದ ಉತ್ತರಾರ್ಧ ಕೈತಪ್ಪಿಹೋಗುತ್ತದೆ. ದೇವರು ಬಿಡಿಸಿದವಳೂ ಪರೀಕ್ಷೆಗೆ ಒಳಗಾಗಲೇಬೇಕು; ಅವಳ ಸತ್ಯವನ್ನು ಗಂಡ ಮತ್ತು ಕುಲ ಒಪ್ಪಿದ ಮೇಲೆಯೇ ಬಸುರಿಗೆ ಮಾನ್ಯತೆ. ಮಾದೇಶ್ವರನ ವರವೂ ನಿರ್ಬಂಧವಿಲ್ಲದ ಕೊಡುಗೆಯಲ್ಲ. ಹುಟ್ಟುವ ಮಕ್ಕಳು ಅವನ ಒಕ್ಕಲಾಗಬೇಕು. ಇಡೀ ಕಾವ್ಯ ಮಾದೇಶ್ವರ ಒಕ್ಕಲು ಸಂಪಾದಿಸುವ ಕಥೆಯೆಂಬುದನ್ನು ನೆನೆದರೆ ಈ ಷರತ್ತಿನ ಅರ್ಥ ಸ್ಪಷ್ಟವಾಗುತ್ತದೆ. ಗಂಡ ಭಾಷೆಯಿಂದ ಪಡೆಯಬಯಸಿದ್ದನ್ನು ದೇವರು ವರದಿಂದ ಪಡೆಯುತ್ತಾನೆ. ಕ್ರೌರ್ಯದ ಜಾಗಕ್ಕೆ ಕರುಣೆ ಬಂದಿದೆ, ನಿಜ. ಆದರೆ ಹೆಣ್ಣಿನ ಗರ್ಭ ಯಾರ ಸಮುದಾಯಕ್ಕೆ ಸದಸ್ಯರನ್ನು ಕೊಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಕುಲವಾಗಲಿ ಪಂಥವಾಗಲಿ ಮುಂದುವರಿಯುವುದು ಬಹುಮಟ್ಟಿಗೆ ಹುಟ್ಟಿನ ಮೂಲಕ. ಹುಟ್ಟನ್ನು ಗುರುತಿಸಿ ತನ್ನದೆನ್ನಲು ಕೂಟದ ಮೇಲೆ ಕಣ್ಣಿಡಬೇಕು. ಧರ್ಮದ ಕಾಮನಿಯಂತ್ರಣಕ್ಕೆ ಇದು ಏಕೈಕ ಕಾರಣವಲ್ಲ; ಆದರೆ ಶಾಸ್ತ್ರಗಳ ಪರಿಭಾಷೆ ಮರೆಮಾಚುವ ಈ ಕಾರಣವನ್ನು ಕಾವ್ಯ ತೆರೆದಿಡುತ್ತದೆ.

ಈ ವಾದಕ್ಕೆ ಆಕ್ಷೇಪವೊಂದು ಬರಬಹುದು. ಧರ್ಮಕ್ಕೆ ಬೇಕಾದುದು ಶೀಲವೇ, ವಂಶವಲ್ಲ ಎಂಬುದು ಆ ಆಕ್ಷೇಪ. ಇದನ್ನು ಒರೆಗೆ ಹಚ್ಚಲು ಬೇರೊಂದು ಪ್ರದೇಶದ ಆಚರಣೆಯನ್ನು ನೋಡಬೇಕು. ಬಳ್ಳಾರಿ ಸೀಮೆಯ ಬಸವಿ ಪದ್ಧತಿಯನ್ನು ಕುರಿತು ಎಫ್. ಫಾಸೆಟ್ 19ನೆಯ ಶತಮಾನದ ಕೊನೆಯ ದಶಕದಲ್ಲಿಯೇ ಬರೆದಿದ್ದಾನೆ. ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ದೇವರಿಗೆ ಬಿಡುತ್ತಿದ್ದರು. ಅವಳು ಮದುವೆಯಾಗದೆ ತವರಿನಲ್ಲಿಯೇ ಉಳಿದು ಮಗನಂತೆ ಆಸ್ತಿಗೆ ಹಕ್ಕುದಾರಳಾಗುತ್ತಿದ್ದಳು. ಅವಳ ಮಕ್ಕಳು ಅವಳ ತಂದೆಯ ವಂಶಕ್ಕೆ ಸೇರುತ್ತಿದ್ದರು. ಮದುವೆಯಾದವಳಿಗೆ ಏಕಪತಿನಿಷ್ಠೆಯನ್ನು ವಿಧಿಸಿದ ಅದೇ ಧಾರ್ಮಿಕ ಲೋಕ ವಂಶ ನಿಲ್ಲುವ ಭಯ ಬಂದಾಗ ಮದುವೆಯಾಚೆಗಿನ ಕೂಟವನ್ನು ದೇವರ ಹೆಸರಿನಲ್ಲಿ ಮಾನ್ಯಮಾಡಿತು. ನಿಯಮ ತಲೆಕೆಳಗಾಯಿತು, ಉದ್ದೇಶ ಮಾತ್ರ ಬದಲಾಗಲಿಲ್ಲ. ಎರಡು ವ್ಯವಸ್ಥೆಗಳಲ್ಲಿಯೂ ತೀರ್ಮಾನ ಆ ಹೆಣ್ಣಿನದಲ್ಲ.

ಆದ್ದರಿಂದ ಬಸವಿಗೆ ದೊರೆತ ಆಸ್ತಿಹಕ್ಕನ್ನು ಮಾತ್ರ ಎತ್ತಿ ತೋರಿಸಿ ಅದನ್ನು ಸ್ವಾತಂತ್ರ್ಯವೆಂದು ಬಣ್ಣಿಸುವುದು ಸಂಶೋಧನೆಯ ದೃಷ್ಟಿಯಿಂದ ಅಪೂರ್ಣ. ಹಾಗೆಯೇ ದೇವರಿಗೆ ಬಿಟ್ಟವಳನ್ನು ‘ನಿತ್ಯಸುಮಂಗಲಿ’ ಎಂದು ಹಾಡಿ ಹೊಗಳುವ ಪಠ್ಯಗಳನ್ನು ಸಂಗ್ರಹಿಸುವಾಗ ಆ ಹೊಗಳಿಕೆಯ ಹಿಂದಿನ ಬಡತನ, ಜಾತಿ ಮತ್ತು ಬಲವಂತಗಳನ್ನು ದಾಖಲಿಸದಿರುವುದು ಕ್ಷೇತ್ರಕಾರ್ಯದ ಲೋಪವೇ ಸರಿ.

ಕರ್ನಾಟಕ ಸರ್ಕಾರ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಅಧಿನಿಯಮವನ್ನು ರೂಪಿಸಿತು. ನಿಷೇಧದ ನಂತರವೂ ಈ ತಾಯಂದಿರ ಮಕ್ಕಳು ಶಾಲೆಗೆ ಸೇರುವಾಗ, ಪ್ರಮಾಣಪತ್ರ ಪಡೆಯುವಾಗ ತಂದೆಯ ಹೆಸರಿನ ಅಂಕಣದ ಎದುರು ತಡವರಿಸಬೇಕಾಯಿತು. ಕಾಡಿನಿಂದ ಮರಳಿದ ನೀಲೇಗೌಡ ಕೇಳಿದ ಪ್ರಶ್ನೆಯನ್ನೇ ಅರ್ಜಿ ನಮೂನೆಯೂ ಕೇಳುತ್ತಿತ್ತು: ಈ ಮಗು ಯಾರದು? ಕಾವ್ಯ ಅದಕ್ಕೆ ‘ದೇವರದು’ ಎಂದು ಉತ್ತರಿಸಿತು. ‘ಸಂಕಮ್ಮನದು’ ಎಂಬ ಉತ್ತರವನ್ನು ಕುಲವಾಗಲಿ ದೈವವಾಗಲಿ ಏಕೆ ಸಾಕೆನ್ನಲಿಲ್ಲ ಎಂಬುದೇ ಈ ಸಾಲಿನ ಮುಂದಿನ ಅಧ್ಯಯನ ಎದುರಿಸಬೇಕಾದ ಪ್ರಶ್ನೆಯಾಗಿದೆ.